ಎಳೆಯರ ಮಧುಮೇಹ: ಆಸ್ಪತ್ರೆಯ ಹತ್ತು ನಿಮಿಷ, ಮನೆಯ ಮೂರು ತಿಂಗಳು

ಮಧುಮೇಹವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಐವತ್ತು ದಾಟಿದ, ಹೊಟ್ಟೆ ಬೆಳೆದ, ಬೆಳಿಗ್ಗೆ ಎದ್ದು ಮಾತ್ರೆ ನುಂಗಿ ತೋಟದ ಬದುವಿನ ಮೇಲೆ ನಡೆಯುವ ಹಿರಿಯರ ಚಿತ್ರ. ಈ ಲೇಖನ ಅವರನ್ನು ಕುರಿತದ್ದಲ್ಲ. ಎಂಟು, ಹತ್ತು, ಹದಿನಾಲ್ಕರ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸೊರಗಿ, ರಾತ್ರಿಯೆಲ್ಲ ನೀರು ಕುಡಿದು, ಹಾಸಿಗೆ ಒದ್ದೆ ಮಾಡಿಕೊಂಡು, ಕೊನೆಗೆ ಏದುಸಿರಿನೊಂದಿಗೆ ಆಸ್ಪತ್ರೆ ಸೇರುವ ಮಕ್ಕಳನ್ನೂ, ಆ ಮಕ್ಕಳು ಬೆಳೆದು ಗೃಹಸ್ಥರಾದ ಮೇಲೆ ನಡೆಸುವ ಬದುಕನ್ನೂ ಕುರಿತದ್ದು. ವೈದ್ಯರು ಇದನ್ನು ಟೈಪ್ ಒಂದು ಮಧುಮೇಹವೆನ್ನುತ್ತಾರೆ. ನಮ್ಮ ರಾಜ್ಯದಲ್ಲಿ 1995ರಿಂದ 2008ರವರೆಗೆ ಕಲೆಹಾಕಿದ ಕರ್ನಾಟಕ ಮಧುಮೇಹ ನೋಂದಣಿಯ ಪ್ರಕಾರ, ಹೊಸದಾಗಿ ಈ ರೋಗ ಕಾಣಿಸಿಕೊಳ್ಳುವ ಪ್ರಮಾಣ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4. ಸಂಖ್ಯೆ ಚಿಕ್ಕದು. ಆದರೆ ಬಂದ ಮನೆಗೆ ಅದು ಇಡೀ ಆಯುಷ್ಯದ ಸಂಗತಿ. ಕಿಬ್ಬನಹಳ್ಳಿಯ ಸುತ್ತಮುತ್ತ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಇಂಥ ಹಲವು ಕುಟುಂಬಗಳನ್ನು ನಾನು ಬಲ್ಲೆ.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ಭಾವಿಸಿ ನಾಶಮಾಡುವುದು ಈ ರೋಗದ ಮೂಲ. ಮಗು ಸಿಹಿ ತಿಂದದ್ದರಿಂದಲ್ಲ, ತಾಯಿ ಬಸುರಿನಲ್ಲಿ ಪಥ್ಯ ತಪ್ಪಿದ್ದರಿಂದಲ್ಲ, ಹಿರಿಯರ ಕರ್ಮದಿಂದಂತೂ ಅಲ್ಲ. ಸುಶ್ರುತರು ಪ್ರಮೇಹವನ್ನು ಸಹಜ ಮತ್ತು ಅಪಥ್ಯನಿಮಿತ್ತಜ ಎಂದು ಎರಡಾಗಿ ವಿಂಗಡಿಸಿದ್ದಾರೆ. ಸಹಜ ಪ್ರಮೇಹಿಯು ಕೃಶನಾಗಿರುತ್ತಾನೆ, ಬಾಯಾರಿಕೆಯಿಂದ ಬಳಲುತ್ತಾನೆ, ಅವನಿಗೆ ಉಪವಾಸ ಹಾಕಬಾರದು, ಪೋಷಣೆ ಬೇಕು ಎಂದು ಅವರು ಗುರುತಿಸಿದ್ದರು. ಸಹಜ ಪ್ರಮೇಹವೂ ಇಂದಿನ ಟೈಪ್ ಒಂದೂ ಪೂರ್ತಿ ಒಂದೇ ಎಂದು ಹೇಳುವುದು ಅತಿಯಾದೀತು. ಆದರೂ ಕೃಶನಾದ ಮಧುಮೇಹಿ ಬೇರೆ, ಸ್ಥೂಲನಾದ ಮಧುಮೇಹಿ ಬೇರೆ, ಇಬ್ಬರಿಗೂ ಒಂದೇ ಚಿಕಿತ್ಸೆಯಲ್ಲ ಎಂಬ ವಿವೇಕ ಅಲ್ಲಿದೆ. ಅಜ್ಜನಿಗೆ ಗುಣ ಕಂಡ ಮೆಂತ್ಯದ ನೀರು, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿಗಳನ್ನು ಮೊಮ್ಮಗನಿಗೂ ಕುಡಿಸಿದರೆ ಗುಣವಾಗುವುದಿಲ್ಲ.

ಇದನ್ನು ಆಯುರ್ವೇದ ವೈದ್ಯನಾಗಿಯೇ ಸ್ಪಷ್ಟವಾಗಿ ಬರೆಯಬೇಕಾಗಿದೆ. ಟೈಪ್ ಒಂದರಲ್ಲಿ ಇನ್ಸುಲಿನ್‌ಗೆ ಬದಲಿಯಾಗಬಲ್ಲ ಕಷಾಯ, ಚೂರ್ಣ, ಭಸ್ಮ ಯಾವುದೂ ಇಲ್ಲ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಸತ್ತ್ವವನ್ನು ಬೇರ್ಪಡಿಸಿ, 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲ ಬಾರಿ ಚುಚ್ಚಿಸುವವರೆಗೆ, ಈ ರೋಗ ಬಂದ ಮಕ್ಕಳು ಜಗತ್ತಿನ ಯಾವ ದೇಶದಲ್ಲೂ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ನಮ್ಮ ಶಾಸ್ತ್ರದಲ್ಲಿ ಯಾಪ್ಯ ಎಂಬ ಒಂದು ವರ್ಗವಿದೆ: ಚಿಕಿತ್ಸೆ ನಡೆಯುವವರೆಗೆ ಹತೋಟಿಯಲ್ಲಿದ್ದು, ಬಿಟ್ಟೊಡನೆ ಕೆರಳುವ ರೋಗ. ಗೊನೆ ಹೊತ್ತ ಬಾಳೆಗೆ ಕೊಟ್ಟ ಊರುಗೋಲನ್ನು ‘ಗಿಡ ಈಗ ನೆಟ್ಟಗಿದೆಯಲ್ಲ’ ಎಂದು ಕಿತ್ತರೆ ಆಗುವುದೇ ಇಲ್ಲಿಯೂ ಆಗುತ್ತದೆ. ಮೂರು ತಿಂಗಳಲ್ಲಿ ಇನ್ಸುಲಿನ್ ಬಿಡಿಸುತ್ತೇವೆಂದು ಹೇಳುವವರು ನಮ್ಮ ಸಂತೆಗಳಲ್ಲೂ ಮೊಬೈಲಿನಲ್ಲೂ ಹೇರಳವಾಗಿದ್ದಾರೆ. ಮಧುಮೇಹವನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ ಎಂಬುದನ್ನು ಭಕ್ತರು ತಿಳಿದಿರಬೇಕು. ಇನ್ಸುಲಿನ್ ಪೂರ್ತಿ ನಿಂತ ಮಗುವಿನ ರಕ್ತವು ಒಂದೆರಡು ದಿನಗಳಲ್ಲೇ ಆಮ್ಲೀಯವಾಗುತ್ತದೆ. ಅನಂತರ ಉಳಿಸಲು ತೀವ್ರ ನಿಗಾ ಘಟಕವೇ ಬೇಕಾಗುತ್ತದೆ, ಅಲ್ಲಿಯೂ ಎಲ್ಲರೂ ಉಳಿಯುವುದಿಲ್ಲ.

ಆಸ್ಪತ್ರೆಗೆ ಹೋಗಿಬರುವ ಕಥೆ

ಇನ್ಸುಲಿನ್ ಬೇಕೆಂದು ಒಪ್ಪಿದವರ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಕೆ.ಬಿ. ಕ್ರಾಸಿನಲ್ಲಿ ನಸುಕಿನ ಬಸ್ಸು ಹಿಡಿದು ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು. ಖಾಲಿ ಹೊಟ್ಟೆಯ ರಕ್ತ ಕೊಡಬೇಕಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನುವಂತಿಲ್ಲ. ಬೆಳಗಿನ ಇನ್ಸುಲಿನ್ ಹಾಕಬೇಕೋ ಬಿಡಬೇಕೋ ಎಂದು ಯಾರೂ ಹೇಳಿರುವುದಿಲ್ಲ. ಚೀಟಿ ಮಾಡಿಸಿ, ರಕ್ತ ಕೊಟ್ಟು, ತಿಂಡಿ ತಿಂದು, ಮತ್ತೆ ಎರಡು ಗಂಟೆ ಕಾದು ಇನ್ನೊಮ್ಮೆ ರಕ್ತ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ವೈದ್ಯರ ಮುಂದೆ ಕುಳಿತರೆ ಅವರು ಎರಡು ಸಂಖ್ಯೆಗಳನ್ನು ನೋಡಿ, ‘ಜಾಸ್ತಿ ಇದೆ, ಬೆಳಿಗ್ಗೆ ಎರಡು, ರಾತ್ರಿ ಎರಡು ಯೂನಿಟ್ ಏರಿಸಿ, ಸಿಹಿ ಬಿಡಿ, ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಹೊರಗೆ ಇನ್ನೂ ಎಂಬತ್ತು ಜನ ಕಾಯುತ್ತಿರುತ್ತಾರೆ, ಆದ್ದರಿಂದ ಆ ವೈದ್ಯರನ್ನು ನಾನು ಪೂರ್ತಿ ದೂರಲಾರೆ. ಆದರೆ ಮೂರು ತಿಂಗಳೆಂದರೆ ಸುಮಾರು 2,160 ಗಂಟೆಗಳು. ಅದರಲ್ಲಿ ವೈದ್ಯರು ನೋಡಿದ್ದು ಹತ್ತು ನಿಮಿಷ. ಅದೂ ಬಸ್ಸಿನಲ್ಲಿ ಕುಲುಕಿ, ಊಟದ ಹೊತ್ತು ತಪ್ಪಿ, ಮನೆಯ ಯಾವ ದಿನಕ್ಕೂ ಹೋಲದ ಒಂದು ದಿನದ ರಕ್ತ.

ಚಿಕ್ಕನಾಯಕನಹಳ್ಳಿ ಕಡೆಯ ಗೃಹಸ್ಥರೊಬ್ಬರು, ಹನ್ನೆರಡನೆಯ ವಯಸ್ಸಿನಿಂದ ಇನ್ಸುಲಿನ್ ಹಾಕಿಕೊಳ್ಳುತ್ತಿರುವವರು, ಕಳೆದ ಬೇಸಿಗೆಯಲ್ಲಿ ಸೊಂಟದ ನೋವಿಗೆಂದು ನನ್ನಲ್ಲಿಗೆ ಬಂದಿದ್ದರು. “ಹೋದಾಗೆಲ್ಲ ಎರಡು ಯೂನಿಟ್ ಏರಿಸ್ತಾರೆ ಡಾಕ್ಟ್ರೇ, ಸಕ್ಕರೆ ಮಾತ್ರ ತನ್ನಿಷ್ಟ ಬಂದಂಗೆ ಕುಣೀತೈತೆ” ಎಂದರು. ಒಂದು ದಿನ 60, ಮರುದಿನ ಅದೇ ಊಟಕ್ಕೆ 320. ಮಲಗಿಸಿ ಹೊಟ್ಟೆಯನ್ನು ಮುಟ್ಟಿ ನೋಡಿದೆ. ಹೊಕ್ಕುಳಿನ ಎರಡೂ ಬದಿಯಲ್ಲಿ ನಿಂಬೆಹಣ್ಣಿನ ಗಾತ್ರದ, ಮೆತ್ತನೆಯ, ನೋವಿಲ್ಲದ ಉಬ್ಬುಗಳು. ನೋವಾಗದೆಂದು ವರ್ಷಗಟ್ಟಲೆ ಅದೇ ಎರಡು ಜಾಗದಲ್ಲಿ ಚುಚ್ಚಿಕೊಂಡಿದ್ದರು. ಹಾಗೆ ಕೊಬ್ಬು ಗಡ್ಡೆಗಟ್ಟಿದ ಜಾಗದಿಂದ ಇನ್ಸುಲಿನ್ ಒಂದು ದಿನ ಹೀರಿಕೆಯಾಗುತ್ತದೆ, ಇನ್ನೊಂದು ದಿನ ಅಲ್ಲಿಯೇ ನಿಲ್ಲುತ್ತದೆ. ಇನ್ಸುಲಿನ್ ಪ್ರಮಾಣ ಬರೆಯುವುದು ನನ್ನ ಪದ್ಧತಿಗೆ ಸೇರಿದ್ದಲ್ಲ; ಹೊಟ್ಟೆ ಮುಟ್ಟಿ ನೋಡುವುದು ಮಾತ್ರ ಎಲ್ಲ ಪದ್ಧತಿಯ ವೈದ್ಯರಿಗೂ ಸೇರಿದ್ದು. ಅಷ್ಟು ವರ್ಷಗಳಲ್ಲಿ ಯಾವ ಚಿಕಿತ್ಸಾಲಯದಲ್ಲೂ ಅವರ ಅಂಗಿಯನ್ನು ಮೇಲೆತ್ತಿಸಿ ನೋಡಿರಲಿಲ್ಲ. ಜಾಗ ಬದಲಿಸಿದರೆ ಅದೇ ಪ್ರಮಾಣ ವಿಪರೀತವಾಗಿ ಸಕ್ಕರೆ ಕುಸಿಯುವ ಅಪಾಯವಿರುವುದರಿಂದ, ಪತ್ರ ಬರೆದುಕೊಟ್ಟು ತಜ್ಞರಲ್ಲಿಗೆ ಕಳುಹಿಸಿದೆ. ಅವರು ಪ್ರಮಾಣ ತಗ್ಗಿಸಿ, ತೊಡೆಗಳಲ್ಲಿ ಮತ್ತು ಹೊಟ್ಟೆಯ ಬೇರೆ ಭಾಗಗಳಲ್ಲಿ ಸರದಿಯಂತೆ ಚುಚ್ಚಿಕೊಳ್ಳಲು ಹೇಳಿದರು. ಈ ಸರದಿಯನ್ನು ಪ್ರತಿಯೊಬ್ಬರೂ ಪಾಲಿಸಬೇಕು. ಒಂದು ಚುಚ್ಚಿನಿಂದ ಮತ್ತೊಂದಕ್ಕೆ ಕನಿಷ್ಠ ಒಂದು ಬೆರಳಗಲ ಅಂತರವಿರಲಿ. ವಾರಕ್ಕೊಮ್ಮೆ ಸ್ನಾನದ ಹೊತ್ತಿನಲ್ಲಿ ಕೈಯಾಡಿಸಿ ಉಬ್ಬುಗಳಿವೆಯೇ ಎಂದು ನೀವೇ ನೋಡಿಕೊಳ್ಳಿ.

ತನ್ನ ರೋಗವನ್ನು ತಾನೇ ಅಳೆದವನು

ಮನೆಯಲ್ಲಿ ರಕ್ತ ಪರೀಕ್ಷಿಸಿಕೊಳ್ಳುವ ಪದ್ಧತಿ ಬೆಳೆದುಬಂದ ಇತಿಹಾಸದಲ್ಲಿ ಒಬ್ಬ ರೋಗಿಯ ಹೆಸರು ಮುಖ್ಯವಾಗಿ ಬರುತ್ತದೆ. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರ್‌ಗೆ 12ನೆಯ ವಯಸ್ಸಿನಲ್ಲಿ ಟೈಪ್ ಒಂದು ಬಂದಿತ್ತು. ವೈದ್ಯರ ಮಾತನ್ನು ಚಾಚೂ ತಪ್ಪದೆ ಪಾಲಿಸಿಯೂ ಮೂವತ್ತರ ಹರೆಯದಲ್ಲೇ ಅಂಗಾಂಗಗಳು ಕೆಡತೊಡಗಿದವು. 1969ರಲ್ಲಿ ರಕ್ತದ ಸಕ್ಕರೆ ಅಳೆಯುವ ಒಂದು ಯಂತ್ರದ ಜಾಹೀರಾತನ್ನು ಆತ ನೋಡಿದ. ಸುಮಾರು ಒಂದೂವರೆ ಕಿಲೋ ತೂಕದ ಆ ಯಂತ್ರವನ್ನು ಆಸ್ಪತ್ರೆಗಳಿಗೂ ವೈದ್ಯರಿಗೂ ಮಾತ್ರ ಮಾರುತ್ತಿದ್ದರು. ಪತ್ನಿ ವೈದ್ಯೆಯಾಗಿದ್ದರಿಂದ ಆಕೆಯ ಹೆಸರಿನಲ್ಲಿ ತರಿಸಿಕೊಂಡ. ದಿನಕ್ಕೆ ಹಲವು ಬಾರಿ ಅಳೆದು, ಯಾವ ಊಟಕ್ಕೆ ಎಷ್ಟು ಏರುತ್ತದೆ, ಒಂದು ಯೂನಿಟ್ ಎಷ್ಟು ಇಳಿಸುತ್ತದೆ ಎಂದು ಬರೆದಿಟ್ಟುಕೊಂಡು ತನ್ನ ಪ್ರಮಾಣವನ್ನು ತಾನೇ ತಿದ್ದಿಕೊಂಡ. ವೈದ್ಯಲೋಕ ಅವನ ಮಾತಿಗೆ ಕಿವಿಗೊಡದಿದ್ದಾಗ 45ನೆಯ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ತಾನೇ ವೈದ್ಯನಾದ. ತೊಂಬತ್ತು ದಾಟಿ ಬದುಕಿ 2025ರಲ್ಲಿ ತೀರಿಕೊಂಡ. ಅನ್ನ, ಮುದ್ದೆ, ರೊಟ್ಟಿಗಳನ್ನು ಬಹುತೇಕ ತ್ಯಜಿಸುವ ಆತನ ಆಹಾರಕ್ರಮವನ್ನು ಬೆಳೆಯುವ ಮಕ್ಕಳಿಗೆ ನಾನು ಹೇಳುವುದಿಲ್ಲ. ಅಳೆದು ಬರೆದಿಡುವ ಆತನ ಕ್ರಮವನ್ನು ಎಲ್ಲರಿಗೂ ಹೇಳುತ್ತೇನೆ.

ಈ ಶ್ರಮಕ್ಕೆ ಫಲವಿದೆಯೇ ಎಂದು ಕೇಳುವವರಿಗೆ ಉತ್ತರ 1993ರಲ್ಲಿ ದೊರೆಯಿತು. ಅಮೆರಿಕ ಮತ್ತು ಕೆನಡಾದಲ್ಲಿ 1,441 ಮಂದಿ ಟೈಪ್ ಒಂದು ರೋಗಿಗಳನ್ನು ಎರಡು ಗುಂಪು ಮಾಡಿ ಹತ್ತು ವರ್ಷ ನಡೆಸಿದ ಪರೀಕ್ಷೆಯಲ್ಲಿ, ದಿನಕ್ಕೆ ಹಲವು ಬಾರಿ ಅಳೆದು ಇನ್ಸುಲಿನ್ ತಿದ್ದಿಕೊಂಡವರಲ್ಲಿ ಕಣ್ಣಿನ ಪರದೆಯ ರೋಗ ತಲೆದೋರುವ ಸಂಭವ ಶೇ. 76ರಷ್ಟು ತಗ್ಗಿತು, ಮೂತ್ರಪಿಂಡ ಮತ್ತು ನರಗಳ ತೊಂದರೆಗಳೂ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ತಗ್ಗಿದವು. ಅದೇ ಗುಂಪಿನಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಎರಡನ್ನೂ ತಿಳಿದೇ ಈ ದಾರಿ ಹಿಡಿಯಬೇಕು.

ದಿನಚರಿಯ ಪುಸ್ತಕ

ಎರಡು ರೂಲುಗಳ ನಡುವೆ ಅಂತರವಿರುವ ಒಂದು ನೋಟುಪುಸ್ತಕ ಸಾಕು. ದಿನಾಂಕ, ಹೊತ್ತು, ಸಕ್ಕರೆಯ ಮಟ್ಟ, ತಿಂದದ್ದೇನು ಮತ್ತು ಎಷ್ಟು, ಹಾಕಿಕೊಂಡ ಇನ್ಸುಲಿನ್, ಮಾಡಿದ ಕೆಲಸ. ‘ಊಟ ಮಾಮೂಲು’ ಎಂದು ಬರೆದರೆ ಪ್ರಯೋಜನವಿಲ್ಲ. ಗ್ಲೂಕೋಮೀಟರಿನ ಪಟ್ಟಿಗಳು ದುಬಾರಿ ಎಂಬುದು ನಿಜ. ದಿನಕ್ಕೆ ಐದಾರು ಬಾರಿ ನೋಡಲು ಶಕ್ತಿಯಿದ್ದವರು ಹಾಗೆ ನೋಡಲಿ. ಇಲ್ಲದವರು ಹೊತ್ತನ್ನು ಸರದಿಯಾಗಿ ಬದಲಿಸಲಿ: ಸೋಮವಾರ ತಿಂಡಿಗೆ ಮುಂಚೆ ಮತ್ತು ಎರಡು ಗಂಟೆಯ ನಂತರ, ಮಂಗಳವಾರ ಮಧ್ಯಾಹ್ನದ ಊಟಕ್ಕೆ ಅದೇ ರೀತಿ, ಬುಧವಾರ ರಾತ್ರಿಯ ಊಟಕ್ಕೆ, ಹದಿನೈದು ದಿನಕ್ಕೊಮ್ಮೆ ನಡುರಾತ್ರಿ ಮೂರು ಗಂಟೆಗೆ. ಹೀಗೆ ಎರಡು ವಾರ ಬರೆದರೆ ಯಾವ ಹೊತ್ತಿನಲ್ಲಿ ತಪ್ಪುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ದಿನಾ ಬೆಳಗಿನ ಖಾಲಿ ಹೊಟ್ಟೆಯದನ್ನು ಮಾತ್ರ ನೋಡಿದರೆ ಇದು ತಿಳಿಯದು. ಸಾಮಾನ್ಯವಾಗಿ ಊಟಕ್ಕೆ ಮುಂಚೆ 80ರಿಂದ 130, ಎರಡು ಗಂಟೆಯ ನಂತರ 180ರೊಳಗೆ ಇದ್ದರೆ ಒಳ್ಳೆಯದು. ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಗುರಿ ಬೇರೆಯಿರಬಹುದು. ಅದನ್ನು ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಅಗತ್ಯವೇ. ಆದರೆ 50 ಮತ್ತು 300ರ ನಡುವೆ ತೂಗಾಡುವವನಿಗೂ 150–200ರಲ್ಲಿ ನಿಂತವನಿಗೂ ಅದು ಒಂದೇ ಅಂಕಿ ತೋರಿಸಬಲ್ಲದು.

ಅನಂತರ ಊಟದ ಲೆಕ್ಕ. ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಏರಿಸುವುದು ಆಹಾರದಲ್ಲಿರುವ ಶರ್ಕರಪಿಷ್ಟ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಅದು ಸುಮಾರು 65ರಿಂದ 70 ಗ್ರಾಂ, ಅಕ್ಕಿಯಲ್ಲಿ 78ರ ಆಸುಪಾಸು. ‘ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದು’ ಎಂಬ ಮಾತನ್ನು ನಂಬಿ ಎರಡು ದಪ್ಪ ಮುದ್ದೆ ಉಂಡವರ ಸಕ್ಕರೆ ಏರದೆ ಇರುತ್ತದೆಯೇ? ಮನೆಯಲ್ಲಿ ಒಮ್ಮೆ, ಒಂದು ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆಂದು ತಕ್ಕಡಿಯಲ್ಲಿ ತೂಗಿ ನೋಡಿ. ನಮ್ಮ ಕಡೆಯ ಮುದ್ದೆಗಳಿಗೆ ನೂರು ಗ್ರಾಂ ಹಿಟ್ಟು ಹೋಗುವುದು ಅಪರೂಪವೇನಲ್ಲ. ಹೆದ್ದಾರಿಯ ಹೋಟೆಲುಗಳ ಒಂದು ತಟ್ಟೆ ಇಡ್ಲಿ, ಮನೆಯ ಚಿಕ್ಕ ಇಡ್ಲಿಗಳು ಮೂರಕ್ಕೆ ಸಮ ಎಂದು ಎಣಿಸಿ. ಕಾಳಿನ ಹುಳಿ, ಮಜ್ಜಿಗೆ, ಸೊಪ್ಪು, ತರಕಾರಿಗಳ ಲೆಕ್ಕ ಅಷ್ಟಿಲ್ಲ. ತೆಂಗಿನ ನಾಡಿನವರು ಕೇಳುವ ಪ್ರಶ್ನೆ ಇನ್ನೊಂದಿದೆ. ಕೊಬ್ಬರಿಯಲ್ಲಿ ಸುಮಾರು ಮೂರನೇ ಎರಡು ಪಾಲು ಎಣ್ಣೆಯೇ ಇರುವುದರಿಂದ ಅದು ನೇರವಾಗಿ ಸಕ್ಕರೆಯನ್ನು ಹೆಚ್ಚು ಏರಿಸುವುದಿಲ್ಲ, ಆದರೆ ಜೊತೆಯಲ್ಲಿ ತಿಂದ ಅನ್ನದ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಕಾಯಿಹಾಲು ಹಾಕಿದ ಅಡುಗೆ ಉಂಡ ದಿನ ಎರಡು ಗಂಟೆಗೆ ಸರಿಯಾಗಿದ್ದ ಅಂಕಿ ನಾಲ್ಕು ಗಂಟೆಗೆ ಏರಿರುವುದುಂಟು. ಎಳನೀರಿನಲ್ಲಿ ಸಕ್ಕರೆಯಿದೆ, ಕಾಯಿಯ ಗಾತ್ರಕ್ಕೂ ಬಲಿತಕ್ಕೂ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ನೀರಿನಂತೆ ಲೆಕ್ಕವಿಲ್ಲದೆ ಕುಡಿಯಬಾರದು.

ಊಟಕ್ಕೆ ತಕ್ಕ ಇನ್ಸುಲಿನ್ ಅಂದಾಜಿಸಲು ಜಗತ್ತಿನಾದ್ಯಂತ ವೈದ್ಯರು ಬಳಸುವ ಒಂದು ಸರಳ ಗಣಿತವಿದೆ. ದಿನದ ಒಟ್ಟು ಯೂನಿಟ್‌ಗಳಿಂದ 500ನ್ನು ಭಾಗಿಸಿದರೆ, ಒಂದು ಯೂನಿಟ್ ಎಷ್ಟು ಗ್ರಾಂ ಪಿಷ್ಟಕ್ಕೆ ಸಾಕೆಂಬುದು ಸ್ಥೂಲವಾಗಿ ಸಿಗುತ್ತದೆ. 1800ನ್ನು ಭಾಗಿಸಿದರೆ, ಶೀಘ್ರವಾಗಿ ಕೆಲಸ ಮಾಡುವ ಇನ್ಸುಲಿನ್ ಒಂದು ಯೂನಿಟ್ ಎಷ್ಟು ಸಕ್ಕರೆ ಇಳಿಸುತ್ತದೆಂಬುದು. ದಿನಕ್ಕೆ 40 ಯೂನಿಟ್ ಹಾಕಿಕೊಳ್ಳುವವರಿಗೆ ಇವು ಕ್ರಮವಾಗಿ 12 ಗ್ರಾಂ ಮತ್ತು 45 ಅಂಕಿ. ಹಾಗಿದ್ದರೆ ಅವರ 70 ಗ್ರಾಂ ಪಿಷ್ಟದ ಮುದ್ದೆಗೆ ಆರು ಯೂನಿಟ್ ಆಸುಪಾಸು. ಇದು ಆರಂಭದ ಅಂದಾಜು. ವೈದ್ಯರೊಂದಿಗೆ ಕುಳಿತು ನಿಮ್ಮ ಪುಸ್ತಕದ ಅಂಕಿಗಳಿಂದ ತಿದ್ದಿಕೊಳ್ಳಬೇಕು. ಬೆಳಿಗ್ಗೆ ಸಂಜೆ ಮಿಶ್ರ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅದರಲ್ಲಿ ಬೇಗ ಕೆಲಸ ಮಾಡುವುದೂ ನಿಧಾನವಾಗಿ ಮಾಡುವುದೂ ಒಂದೇ ಸೀಸೆಯಲ್ಲಿ ಸೇರಿರುತ್ತವೆ. ಒಂದನ್ನು ಏರಿಸಿದರೆ ಇನ್ನೊಂದೂ ಏರುತ್ತದೆ. ಟೈಪ್ ಒಂದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ದಿನಕ್ಕೆ ಹಲವು ಬಾರಿ ಬೇರೆಬೇರೆಯಾಗಿ ಕೊಡುವ ಕ್ರಮಕ್ಕೇ ಒಲವು ತೋರಿದೆ. ವರ್ಷಗಳಿಂದ ಮಿಶ್ರ ಇನ್ಸುಲಿನ್ನಿನಲ್ಲೇ ಇರುವವರು ‘ನನಗೆ ಆ ಕ್ರಮ ಆಗುತ್ತದೆಯೇ?’ ಎಂದು ಬಾಯಿಬಿಟ್ಟು ಕೇಳಬೇಕು.

ಒಂದು ಪ್ರಾಣಾಂತಿಕ ಗೊಂದಲದ ಬಗ್ಗೆ ಎಚ್ಚರ. ನಮ್ಮ ದೇಶದ ಇನ್ಸುಲಿನ್ ಸೀಸೆಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕೊಳವೆಗಳಲ್ಲಿ 100. ನಲವತ್ತರ ಸಿರಿಂಜಿಗೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ. ನಲವತ್ತರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮಗುವಿಗೆ ಹೋಗುವುದು 8 ಯೂನಿಟ್ ಮಾತ್ರ. ನೂರರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ಕ್ಕೆ ಎಳೆದರೆ ಹೋಗುವುದು 50 ಯೂನಿಟ್. ಔಷಧಿ ಅಂಗಡಿಯಲ್ಲಿ ಸೀಸೆಯನ್ನೂ ಸಿರಿಂಜನ್ನೂ ಜೊತೆಯಲ್ಲಿ ಹಿಡಿದು ನೋಡಿಯೇ ಹಣ ಕೊಡಿ.

ಪೂಜೆ, ಪ್ರಸಾದ, ಉಪವಾಸ

ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಏನೂ ಹಾಕಬಾರದೆಂಬ ನಿಯಮ ನಮ್ಮ ಮನೆಗಳಲ್ಲಿದೆ. ಮಗು ಬೆಳಿಗ್ಗೆ ಎದ್ದೊಡನೆ ತಾಯಿ ಇನ್ಸುಲಿನ್ ಹಾಕಿ, ಅನಂತರ ಸ್ನಾನಕ್ಕೂ ಪೂಜೆಗೂ ಕಳುಹಿಸಿದರೆ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಿರುವಾಗಲೇ ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಡುತ್ತದೆ. ಕ್ರಮ ಬದಲಿಸಿದರೆ ಯಾವ ತೊಡಕೂ ಇಲ್ಲ: ಎದ್ದೊಡನೆ ಸಕ್ಕರೆ ನೋಡುವುದು, ಸ್ನಾನ, ಪೂಜೆ, ಪೂಜೆ ಮುಗಿದ ಮೇಲೆ ಇನ್ಸುಲಿನ್, ಅನಂತರ ತಿಂಡಿ. ಹಳೆಯ ರೆಗ್ಯುಲರ್ ಇನ್ಸುಲಿನ್ನಾದರೆ ತಿಂಡಿಗೆ ಅರ್ಧ ಗಂಟೆ ಮುಂಚೆ, ಶೀಘ್ರ ಇನ್ಸುಲಿನ್ನಾದರೆ ತಿಂಡಿಯ ಹೊಸ್ತಿಲಲ್ಲಿ. ಎದ್ದಾಗಲೇ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಪೂಜೆಗೂ ಮೊದಲು ಸಕ್ಕರೆ ನೀರು. ಔಷಧಿಯನ್ನು ವ್ರತಭಂಗವೆಂದು ಯಾವ ಗುರುವೂ ಎಣಿಸುವುದಿಲ್ಲ.

ದಾಸೋಹದ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವ ಹೊತ್ತು ತಿಳಿದಿರುವುದಿಲ್ಲ. ಸರತಿಯಲ್ಲಿ ನಿಂತಾಗಲೇ ಇನ್ಸುಲಿನ್ ಹಾಕಿಕೊಳ್ಳಬೇಡಿ. ಎಲೆ ಹಾಸಿ ಅನ್ನ ಬಿದ್ದ ಮೇಲೆ ಹಾಕಿಕೊಳ್ಳಿ, ಐದು ನಿಮಿಷ ತಡವಾದರೂ ಚಿಂತೆಯಿಲ್ಲ. ಪಾಯಸ, ಹುಗ್ಗಿ, ಬೂಂದಿ ಬಡಿಸಿದರೆ ಎರಡು ಚಮಚ ಸ್ವೀಕರಿಸಿ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು, ಎಲೆಯನ್ನೇ ಬಿಟ್ಟು ಎದ್ದುಹೋಗುವುದಕ್ಕಿಂತ ಮೇಲು. ಬಡಿಸುವ ಸೇವಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಸಾಕೆಂದು ಕೈ ಅಡ್ಡ ಹಿಡಿದವರಿಗೆ ‘ಪ್ರಸಾದ, ಏನೂ ಆಗುವುದಿಲ್ಲ’ ಎಂದು ಒತ್ತಾಯಿಸಬೇಡಿ. ಶಿವರಾತ್ರಿಯ ಉಪವಾಸ ಮತ್ತು ಜಾಗರಣೆ ಟೈಪ್ ಒಂದು ಇರುವ ಮಕ್ಕಳಿಗೆ ಬೇಡ. ಹಿರಿಯರು ಮಾಡಲೇಬೇಕೆಂದರೆ ನಿಧಾನ ಇನ್ಸುಲಿನ್ನಿನ ಪ್ರಮಾಣವನ್ನು ಮುಂಚಿತವಾಗಿ ವೈದ್ಯರಿಂದ ಕೇಳಿ ತಿಳಿದು, ಫಲಾಹಾರದೊಂದಿಗೆ ಮಾಡಲಿ. ಊಟವಿಲ್ಲವೆಂದು ಇನ್ಸುಲಿನ್ನನ್ನು ಪೂರ್ತಿ ಬಿಡುವುದಂತೂ ಸಲ್ಲದು.

ಮಠಗಳ ಪ್ರಸಾದ ನಿಲಯಗಳಲ್ಲಿ ಇಂಥ ವಿದ್ಯಾರ್ಥಿಗಳಿದ್ದರೆ ನಿಲಯಪಾಲಕರಿಗೂ ಪಕ್ಕದ ಹಾಸಿಗೆಯ ಇಬ್ಬರು ಗೆಳೆಯರಿಗೂ ವಿಷಯ ತಿಳಿದಿರಬೇಕು. ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿನಿಸು ಒಯ್ಯಲು ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲೇ ತನ್ನ ವಿದ್ಯಾರ್ಥಿಗಳಿಗೆ ಅನುಮತಿ ನೀಡಿದೆ. ಇತರ ಶಾಲೆಗಳ ಮುಖ್ಯೋಪಾಧ್ಯಾಯರೂ ವೈದ್ಯರ ಪತ್ರ ತೋರಿಸಿದರೆ ಇದನ್ನು ಮನಗಾಣಬಲ್ಲರು.

ಕುಸಿದಾಗ, ಜ್ವರ ಬಂದಾಗ

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಊಟದ ಹೊತ್ತು ದೂರವಿದ್ದರೆ ಏನಾದರೂ ತಿನ್ನಬೇಕು. ಇದಕ್ಕೆ ಹೋಳಿಗೆ, ಚಾಕೊಲೇಟು ತಕ್ಕವಲ್ಲ, ಅವುಗಳ ಕೊಬ್ಬು ತಡಮಾಡುತ್ತದೆ. ಎಳನೀರನ್ನೂ ನೆಚ್ಚಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ತೋಟದ ಕೆಲಸದವರಿಗೆ ಒಂದು ಮಾತು ಹೆಚ್ಚು: ಕಾಯಿ ಸುಲಿಯುವುದು, ಅಗೆತ, ಹೊರೆ ಹೊರುವುದು ಇವುಗಳಿಂದ ಸಕ್ಕರೆ ಆಗಲೇ ಇಳಿಯಬಹುದು, ಅಂದಿನ ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಸುಲಿಯುವ ದಿನ ರಾತ್ರಿ ಮಲಗುವ ಮುನ್ನ ತಪ್ಪದೆ ನೋಡಿಕೊಳ್ಳಿ. ಇನ್ಸುಲಿನ್ ಹಾಕಿಕೊಳ್ಳುವವರು ತೆಂಗಿನ ಮರ ಹತ್ತುವ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಜ್ವರ, ವಾಂತಿ, ಭೇದಿಯ ದಿನಗಳಲ್ಲಿ ನಡೆಯುವ ಅನಾಹುತ ಇದಕ್ಕೆ ವಿರುದ್ಧವಾದದ್ದು. ‘ಮಗು ಏನೂ ತಿಂದಿಲ್ಲ, ಇನ್ಸುಲಿನ್ ಯಾಕೆ’ ಎಂದು ನಿಲ್ಲಿಸುತ್ತಾರೆ. ಜ್ವರದಲ್ಲಿ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕಾಗುವುದುಂಟು. ಮೂರು ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ನೀರು, ಗಂಜಿತಿಳಿ ಕೊಡುತ್ತಿರಿ. 250 ದಾಟಿ ಇಳಿಯದಿದ್ದರೆ ಮೂತ್ರದಲ್ಲಿ ಕೀಟೋನ್ ಪಟ್ಟಿ ಅದ್ದಿ ನೋಡಿ. ಅದು ಬಣ್ಣ ತೋರಿದರೆ, ವಾಂತಿ ನಿಲ್ಲದಿದ್ದರೆ, ಉಸಿರು ದೀರ್ಘವಾಗಿ ಹಣ್ಣಿನ ವಾಸನೆ ಬಂದರೆ ಬೆಳಗಾಗಲೆಂದು ಕಾಯದೆ ಹೊರಡಿ.

ಬೇಸಿಗೆಯಲ್ಲಿ ಕರೆಂಟು ಹೋದಾಗ ಔಷಧಿ ಕೆಡುತ್ತದೆಂಬ ಚಿಂತೆ ಸಹಜ. ಬಳಸುತ್ತಿರುವ ಸೀಸೆಯನ್ನು ಸುಮಾರು ನಾಲ್ಕು ವಾರ ತಂಪಾದ ಕೋಣೆಯಲ್ಲಿ ಇಡಬಹುದು. ಉಳಿದವು ಫ್ರಿಜ್ಜಿನ ಬಾಗಿಲಿನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಎಂದಿಗೂ ಬೇಡ. ಫ್ರಿಜ್ಜಿಲ್ಲದವರು ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಮಡಕೆಯಿರಿಸಿ, ನೀರು ತಾಗದ ಡಬ್ಬಿಯಲ್ಲಿ ಸೀಸೆಯನ್ನಿಟ್ಟು ನೆರಳಿನಲ್ಲಿಡಿ. ಕೊಬ್ಬರಿ ಅಟ್ಟದ ಮೇಲೆ ‘ಮಕ್ಕಳ ಕೈಗೆ ಸಿಗದಿರಲಿ’ ಎಂದು ಇಟ್ಟವರನ್ನು ಕಂಡಿದ್ದೇನೆ. ಮನೆಯಲ್ಲಿ ಅದಕ್ಕಿಂತ ಬಿಸಿಯಾದ ಜಾಗ ಇನ್ನೊಂದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಇರಲಾರೆ. ಮದುವೆಯಾಗದೆಂಬ ಭಯದಿಂದ ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ, ಆ ಹುಡುಗಿ ಅತ್ತೆಯ ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳಬೇಕಾಗುತ್ತದೆ, ಅದಕ್ಕೂ ಅವಕಾಶ ಸಿಗದ ದಿನ ಬಿಟ್ಟುಬಿಡುತ್ತಾಳೆ. ಸಕ್ಕರೆ ಹತೋಟಿಯಲ್ಲಿಟ್ಟುಕೊಂಡು, ವೈದ್ಯರ ನಿಗಾದಲ್ಲಿ ಬಸುರಾಗಿ ಆರೋಗ್ಯವಂತ ಮಕ್ಕಳನ್ನು ಹೆತ್ತ ತಾಯಂದಿರಿದ್ದಾರೆ. ಮಾತು ನಡೆಯುವಾಗಲೇ ಹೇಳಿಬಿಡಿ.

ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಎರಡು ವಾರದ ಪುಸ್ತಕವನ್ನು ಒಯ್ಯಿರಿ. ಮೊದಲ ಪುಟದಲ್ಲಿ ಮೂರೇ ಪ್ರಶ್ನೆಗಳನ್ನು ದಪ್ಪಕ್ಷರದಲ್ಲಿ ಬರೆದಿರಿ, ಉದಾಹರಣೆಗೆ: ‘ಸಂಜೆ ಐದಕ್ಕೆ ನಾಲ್ಕು ಬಾರಿ 60ಕ್ಕೆ ಇಳಿದಿದೆ, ಯಾವುದನ್ನು ತಗ್ಗಿಸಲಿ?’ ಇಂಥ ಪ್ರಶ್ನೆಗೆ ‘ಸಿಹಿ ಬಿಡಿ’ ಎಂದು ಉತ್ತರಿಸಲು ಯಾವ ವೈದ್ಯರಿಗೂ ಆಗುವುದಿಲ್ಲ. ಚುಚ್ಚುವ ಜಾಗಗಳನ್ನು ನೋಡಿರೆಂದು ಕೇಳಿ. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರದ ಪ್ರೋಟೀನ್, ಪಾದಗಳ ಸ್ಪರ್ಶ, ಥೈರಾಯ್ಡ್ ಪರೀಕ್ಷೆಗಳ ಬಗ್ಗೆ ನೀವೇ ನೆನಪಿಸಿ. ಹಿಂದಿನ ರಾತ್ರಿಯೇ ಫೋನು ಮಾಡಿ, ಖಾಲಿ ಹೊಟ್ಟೆಯ ಪ್ರಯಾಣದಲ್ಲಿ ಬೆಳಗಿನ ಇನ್ಸುಲಿನ್ ಏನು ಮಾಡಬೇಕೆಂದು ತಿಳಿದುಕೊಳ್ಳಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಎರಡು ಮೂರು ಬಾರಿ ಹೀಗೆ ಹೋಗಿಯೂ ಯಾರೂ ಪುಸ್ತಕ ತೆರೆಯದಿದ್ದರೆ ವೈದ್ಯರನ್ನು ಬದಲಿಸಿ, ಇನ್ಸುಲಿನ್ನನ್ನು ಬಿಡಬೇಡಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸಂಸ್ಥೆ ಈ ರೋಗಗಳಿಗೆಂದೇ ಇದೆ.

ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯಬೇಡಿ. ತೋಟದಲ್ಲಿ ಬರಿಗಾಲಿನಲ್ಲಿ ನಡೆಯುವವರೂ ದನಗಳೂ ಇರುತ್ತವೆ. ಖಾಲಿಯಾದ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ, ಮುಚ್ಚಳ ಬಿಗಿದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ.